ಅಜ್ಜನ ಕಾರಿನ ಪಟಪಟ

"ಏನು ಕೇಳಿಸ್ತಿದೆ?" ಅಜ್ಜ ಕೂಗಿ ಕೇಳಿದ.

ದಾರ್ಕಾ ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿಕೊಂಡಿದ್ದಳು. ತುದಿ ಓಡುತ್ತಿದ್ದ ಇಂಜಿನ್ನಿನ ಮೇಲಿತ್ತು. ಕಬ್ಬಿಣದೊಳಗಿನ ಸದ್ದೆಲ್ಲ ಅದರ ಮೂಲಕ ಹಿಡಿಯವರೆಗೂ ಬರುತ್ತಿತ್ತು.

"ಟಿಕ್ ಟಿಕ್ ಅಂತಿದೆ. ಹೊಲಿಗೆ ಮಷೀನ್ ಥರ."

"ಅದು ಒಳ್ಳೇ ಸದ್ದು. ಈಗ ನೀರಿನ ಪಂಪಿನ ಮೇಲಿಡು. ಫ್ಯಾನ್ ಹತ್ರ ಕೈ ಹೋಗಬಾರದು."

"ಸುಂಯ್ ಅಂತಿದೆ ಅಷ್ಟೇ. ಕರಕರ ಇಲ್ಲ."

ಅಜ್ಜನಿಗೆ ಸಣ್ಣ ಸದ್ದುಗಳು ಕೇಳಿಸುವುದು ನಿಂತು ಎರಡು ವರ್ಷವಾಗಿತ್ತು. ಅಂದಿನಿಂದ ಇಂಜಿನ್ನಿಗೆ ಕಿವಿಗೊಡುವ ಕೆಲಸ ದಾರ್ಕಾಳದು.

ಮೈರನ್ ಮಾವ ತನ್ನ ಪಿಕಪ್ಪಿಗೆ ಒರಗಿ ಕಾಫಿ ಕುಡಿಯುತ್ತಿದ್ದ. "ಅಪ್ಪಾ, ಅದರ ಆಯಸ್ಸು ಮುಗೀತು. ಹೈವೇಗೆ ಹೋದ್ರೆ ಪಟಪಟ ಅನ್ನುತ್ತೆ, ಬಿಸಿ ಮೀಟರಿನ ಮುಳ್ಳು ಕೆಂಪಿಗೆ ಹೋಗುತ್ತೆ. ಪಂಪ್ ಸತ್ತಿದೆ. ಶನಿವಾರ ಗುಜರಿಯವ್ರು ಬರ್ತಾರೆ."

"ಮತ್ತೆ ನನ್ನ ಸ್ವಿಮ್ಮಿಂಗ್ ಕ್ಲಾಸು?" ಎಂದಳು ದಾರ್ಕಾ. ಈಜುಕೊಳ ಇದ್ದದ್ದು ನಲವತ್ತು ಕಿಲೋಮೀಟರ್ ಆಚೆಯ ಪೇಟೆಯಲ್ಲಿ. ಪ್ರತಿ ಗುರುವಾರ ಅವಳನ್ನು ಕರೆದೊಯ್ಯುತ್ತಿದ್ದದ್ದು ಅಜ್ಜ, ಈ ಮೂವತ್ತೆಂಟು ವರ್ಷದ ಕಾರಿನಲ್ಲಿ.

"ಸ್ನಾನದ ತೊಟ್ಟೀಲಿ ಈಜು."

"ಸತ್ತಿದ್ದು ಯಾವ್ದು ಅಂತ ಗೊತ್ತಾಗದೆ ಹೂಳೋದು ಹೇಗೋ?" ಎಂದ ಅಜ್ಜ, ಬಾನೆಟ್ ಮುಚ್ಚುತ್ತ. "ಕಾರು ಹತ್ತು ದಾರ್ಕಾ. ಒಂದು ಸುತ್ತು ಹೋಗಿ ಬರೋಣ."

ಮೇ ತಿಂಗಳ ಮೊದಲ ಸೆಕೆಯ ವಾರ. ಚಳಿನಾಡು ಮ್ಯಾನಿಟೋಬಾದ ಬಯಲಿನ ನೇರ ರಸ್ತೆ. ಪಕ್ಕದ ಚರಂಡಿಗಳಲ್ಲಿ ಹಿಮ ಕರಗಿದ ನೀರು, ನೀರಿನ ತುಂಬ ಬಾತುಗಳು. ವೇಗ ಎಂಬತ್ತು ದಾಟಿದ್ದೇ ಶುರುವಾಯಿತು: ಪಟಪಟಪಟಪಟ.

ಬಿಸಿ ತೋರಿಸುವ ಮುಳ್ಳು ಮೆಲ್ಲಗೆ ಮೇಲೇರತೊಡಗಿತು. ಅಜ್ಜ ಹೀಟರನ್ನು ಪೂರ್ತಿ ತಿರುಗಿಸಿದ.

"ಅಜ್ಜಾ! ಬೇಯ್ತಿದೀನಿ!"

"ಇಂಜಿನ್ನಿನ ಬಿಸೀಲಿ ನಾವೂ ಒಂಚೂರು ಹಂಚ್ಕೋಬೇಕು ಪುಟ್ಟಿ. ಕಿಟಕಿ ಇಳಿಸು. ಈಗ ಚೆನ್ನಾಗಿ ಕೇಳು."

ಅಜ್ಜ ಗೇರನ್ನು ನ್ಯೂಟ್ರಲ್‌ಗೆ ತಂದ. ಇಂಜಿನ್ನಿನ ದನಿ ತಟ್ಟನೆ ಇಳಿಯಿತು. ಪಟಪಟ ಮಾತ್ರ ಇದ್ದ ಹಾಗೇ ಇತ್ತು. ಕಾರು ನಿಧಾನವಾದಂತೆ ಅದೂ ನಿಧಾನವಾಯಿತು. ರಸ್ತೆಯಂಚಿಗೆ ಬಂದು ನಿಂತಾಗ ಅದರ ಸುಳಿವೇ ಇಲ್ಲ. ಇಂಜಿನ್ ಮಾತ್ರ ಇನ್ನೂ ಓಡುತ್ತಿತ್ತು.

ದಾರ್ಕಾ ಹಣೆ ಗಂಟಿಕ್ಕಿಕೊಂಡು ಕೂತಳು.

"ಅಜ್ಜ, ಇಂಜಿನ್ ಮೆತ್ತಗಾದಾಗ ಪಟಪಟ ಮೆತ್ತಗಾಗ್ಲಿಲ್ಲ. ಕಾರು ನಿಧಾನ ಆದಾಗ ಆಯ್ತು."

"ಹಂಗಂದ್ರೆ?"

"ಹಂಗಂದ್ರೆ... ಅದು ಇಂಜಿನ್ ಸದ್ದೇ ಅಲ್ಲ! ಗಾಳಿಗೆ ಏನೋ ಬಡ್ಕೋತಿದೆ!"

ಅಜ್ಜ ಇಂಜಿನ್ ಆರಿಸಿದ. ದಾರ್ಕಾ ಇಳಿದು ಕಾರಿನ ಮುಂದೆ ಮಂಡಿಯೂರಿದಳು. ಮುಂದಿನ ಜಾಲರಿಗೆ ಹುಳುಗಳು ಅಂಟಿಕೊಂಡಿದ್ದವು. ಅದರ ಹಿಂದೆ, ರೇಡಿಯೇಟರಿಗೆ ಒತ್ತಿಕೊಂಡು, ಕೆಸರು ಬಣ್ಣದ ಏನೋ ಒಂದು. ಅದರ ಒಂದು ಮೂಲೆ ಕಿತ್ತುಬಂದು ನೇತಾಡುತ್ತಿತ್ತು.

ಅಜ್ಜ ಬಾನೆಟ್ ಎತ್ತಿ, ಸ್ವಲ್ಪ ಆರಲು ಬಿಟ್ಟು, ಸಂದಿಗೆ ಕೈ ಹಾಕಿ ಎಳೆದ. ಅಗಲವಾದ ಒಂದು ರಟ್ಟು ಹೊರಬಂತು. ಅದರ ಮೇಲೊಬ್ಬ ಹಳದಿ ಸೂರ್ಯ, ಅರ್ಧ ಅಳಿಸಿಹೋದ ನಗು.

ಸೂರ್ಯನನ್ನು ಬರೆದವಳು ದಾರ್ಕಾಳೇ. ನವೆಂಬರಿನಲ್ಲಿ ಊರಿನ ಹಳೇ ಕಾರುಗಳಿಗೆಲ್ಲ ಹೀಗೆ ರಟ್ಟು ಹಾಕುತ್ತಾರೆ. ಇಲ್ಲದಿದ್ದರೆ ಆ ಚಳಿಗಾಳಿಗೆ ಇಂಜಿನ್ ಬಿಸಿಯಾಗುವುದೇ ಇಲ್ಲ. ಅಜ್ಜ ಟಿವಿ ಪೆಟ್ಟಿಗೆ ಕತ್ತರಿಸುತ್ತಿದ್ದಾಗ ಅವಳು ಕ್ರೆಯಾನ್ ಹಿಡಿದು ಕೂತಿದ್ದಳು. "ಸೂರ್ಯನಿಗೆ ಮೂಗೇ ಇಲ್ವಲ್ಲೇ!" ಎಂದು ಅಜ್ಜಿ ಕಿಟಕಿಯಿಂದ ನಕ್ಕಿದ್ದಳು.

ಹಿಮ ಕರಗಿದ ಮೇಲೆ ರಟ್ಟನ್ನು ತೆಗೆಯಬೇಕು, ಇಲ್ಲವಾದರೆ ಗಾಳಿ ತಾಗದೆ ಇಂಜಿನ್ ಕಾದುಹೋಗುತ್ತದೆ. ಉಳಿದವರೆಲ್ಲ ತೆಗೆದಿದ್ದರು.

"ನಾನು ಯಾವಾಗ್ಲೂ..." ಎಂದು ಶುರುಮಾಡಿದ ಅಜ್ಜ ಅಲ್ಲಿಗೇ ನಿಲ್ಲಿಸಿದ.

ದಾರ್ಕಾಳಿಗೆ ನೆನಪಾಯಿತು. ಪ್ರತಿ ವಸಂತದಲ್ಲಿ ಟೊಮೆಟೊ ಸಸಿಗಳನ್ನು ಮೊದಲ ಸಲ ಬಿಸಿಲಿಗಿಡುವ ದಿನ ಅಜ್ಜಿ ಅಂಗಳಕ್ಕೆ ಕೇಳುವಂತೆ ಅಜ್ಜನ ಹೆಸರು ಹಿಡಿದು ಕೂಗುತ್ತಿದ್ದಳು: "ಒರೆಸ್ಟ್! ರಟ್ಟು!" ಫೆಬ್ರವರಿಯಲ್ಲಿ ಅಜ್ಜಿ ತೀರಿಕೊಂಡಳು. ಈ ಸಲ ಬಿಸಿಲಿಗಿಡಲು ಸಸಿಗಳೂ ಇರಲಿಲ್ಲ.

ವಾಪಸ್ಸು ಬರುವಾಗ ವೇಗ ತೊಂಬತ್ತು. ಬರೀ ಹೊಲಿಗೆ ಮಷೀನಿನ ಸದ್ದು. ಮುಳ್ಳು ನಡುಮಧ್ಯದಿಂದ ಅಲ್ಲಾಡಲಿಲ್ಲ.

"ಪಂಪ್ ತಾನೆ?" ಎಂದ ಮೈರನ್ ಮಾವ.

ಅಜ್ಜ ರಟ್ಟನ್ನು ಅವನ ಮುಂದೆ ಹಿಡಿದ. ಮಾವ ಆ ಸೂರ್ಯನನ್ನು ತುಂಬ ಹೊತ್ತು ನೋಡಿದ. "ಗುಜರಿಯವ್ರಿಗೆ ಬೇಡ ಅಂತ ಫೋನ್ ಮಾಡ್ತೀನಿ" ಎಂದು ಮೆಲ್ಲಗೆ ಹೇಳಿದ.

"ಸ್ನಾನದ ತೊಟ್ಟೀಲಿ ನೀನೇ ಈಜ್ಕೋ ಮಾವ" ಎಂದಳು ದಾರ್ಕಾ.

ಅಜ್ಜನ ಸ್ಟಿಯರಿಂಗಿನ ಪಕ್ಕ ಬಿಳಿ ಟೇಪಿನ ತುಂಡುಗಳಿದ್ದವು. "ಆಯಿಲ್: ಅಕ್ಟೋಬರ್." "ಬ್ಯಾಟರಿ: ನವೆಂಬರ್." ಎಲ್ಲ ಅಜ್ಜನ ಅಕ್ಷರ. ದಾರ್ಕಾ ಟೇಪಿನ ಸುರುಳಿ ತೆಗೆದುಕೊಂಡು ಒಂದು ತುಂಡು ಹರಿದು ಬರೆದಳು: "ರಟ್ಟು: ಏಪ್ರಿಲ್." ಅದನ್ನು ಅಂಟಿಸಲು ಕೈ ಚಾಚಿದವಳು ಸ್ವಲ್ಪ ಯೋಚಿಸಿ ಇನ್ನೊಂದು ತುಂಡು ಹರಿದಳು. "ಟೊಮೆಟೊ ಬೀಜ: ಮಾರ್ಚ್."

ಎರಡನ್ನೂ ಅವಳು ಸ್ಟಿಯರಿಂಗಿನ ಪಕ್ಕ ಅಂಟಿಸಲಿಲ್ಲ. ತಾನು ಕೂರುವ ಸೀಟಿನ ಎದುರಿಗೆ ಅಂಟಿಸಿ, ಬೆರಳಿನಿಂದ ಗಟ್ಟಿಯಾಗಿ ಒತ್ತಿದಳು.