ಕಟೌಟಿನ ಹಿಂದಿನ ಬಣ್ಣ

"ಡೈನಮೋನ ಹೋಗೈತಿ ಅನಸ್ತೈತ್ರಿ, ಅಕ್ಕಾರ," ಎಂದರು ಮೆಕ್ಯಾನಿಕ್ ಮೌಲಾಸಾಬ್.

ತಿಪ್ಪೇರುದ್ರಮ್ಮ ತಮ್ಮ ಪುಟ್ಟ ಟ್ರ್ಯಾಕ್ಟರಿನಿಂದ ಇಳಿದು ಸೆರಗು ಕೊಡವಿದರು. ಮಾಗಳದಲ್ಲಿರುವ ಮಲ್ಲಿಗೆ ತೋಟದಲ್ಲಿ ಈ ಹಳೇ ಟ್ರ್ಯಾಕ್ಟರನ್ನು ಅವರೇ ಓಡಿಸುತ್ತಾರೆ.

"ಹೋದ ವಾರ ಬ್ಯಾಟ್ರಿ ಅಂದ್ರಿ, ಬ್ಯಾರೆ ಬ್ಯಾಟ್ರಿ ಹಾಕಿ ಕೊಟ್ರಿ. ಈಗ ಡೈನಮೋ ಅಂತೀರಿ. ದಿನಾ ಮುಂಜಾನಿ ದಾರ್ಯಾಗ ಹೋಗೋರನ್ನ ಕರದು ತಳ್ಳಸಬೇಕು, ಸಾಬ್ರ. ನಾನು ಸಂತಿ ಮುಗಿಸಿ ಬರ್ತೀನಿ. ಅಷ್ಟ್ರಾಗ ಆಗಲಿಲ್ಲಂದ್ರ ಬ್ಯಾರೆ ಗ್ಯಾರೇಜಿಗೆ ಒಯ್ತೀನಿ."

ಮೂಲೆಯಲ್ಲಿ ಸ್ಪ್ಯಾನರ್ ಒರೆಸುತ್ತಿದ್ದ ಅಸ್ಮಾಳಿಗೆ ಚುರ್ ಎಂದಿತು. ಬೇರೆ ಗ್ಯಾರೇಜಂತೆ! ಇಡೀ ಹಡಗಲಿಯಲ್ಲಿ ತನ್ನ ಅಬ್ಬಾನಂಥ ಮೆಕ್ಯಾನಿಕ್ ಇಲ್ಲ ಎಂದು ಅವಳು ಕ್ಲಾಸಿನಲ್ಲೆಲ್ಲ ಹೇಳಿಕೊಂಡಿದ್ದಳು.

"ಅಬ್ಬಾ, ಡೈನಮೋ ಬಿಚ್ಚೋಕಿಂತ ಮೊದ್ಲು ಇನ್ನೊಮ್ಮೆ ಚೆಕ್ ಮಾಡೋಣು."

"ಎಲ್ಲಾ ಮಾಡೀನಿ ಬೇಟಾ."

"ಹಂಗಾದ್ರ ನಾನು ಮಾಡ್ತೀನಿ. ಮೀಟರ್ ಕೊಡ್ರಿ."

ಹುಡುಗಿಯ ಹಟ ಅಬ್ಬಾಗೆ ಗೊತ್ತಿತ್ತು. ಇಂಜಿನ್ ಬಂದ್ ಮಾಡಿ, ಮೀಟರ್ ಅವಳ ಕೈಗಿಟ್ಟು, ಎದುರಿನ ಅಂಗಡಿಗೆ ಚಾ ಕುಡಿಯಲು ಹೋದರು.

ಮೀಟರಿನ ವೈರುಗಳ ತುದಿಯಲ್ಲಿರುವ ಎರಡು ಮುಳ್ಳುಗಳ ನಡುವೆ ಕರೆಂಟಿನ ದಾರಿ ಸರಿಯಿದ್ದರೆ ಅದು ಕುಂಯ್ ಎನ್ನುತ್ತದೆ. ಅಸ್ಮಾ ಫ್ಯೂಸ್ ನೋಡಿದಳು. ಕುಂಯ್. ಒಂದೊಂದೇ ವೈರ್ ನೋಡಿದಳು. ಎಲ್ಲವೂ ಕುಂಯ್. ಸೊಂಟ ನೋಯುತ್ತಿತ್ತು, ಆದರೂ ಬಿಡಲಿಲ್ಲ. ಕೊನೆಗೆ ಉಳಿದದ್ದು ಕಟೌಟ್, ಅಂದರೆ ಡೈನಮೋದ ಕರೆಂಟನ್ನು ಹದ ಮಾಡಿ ಬ್ಯಾಟರಿಗೆ ಕಳಿಸುವ ಸಣ್ಣ ಡಬ್ಬಿ. ಅದರ ಮೈ ಗಾಡಿಯ ಕಬ್ಬಿಣಕ್ಕೆ ತಾಗಿದ್ದರೇ ಅರ್ಥಿಂಗ್, ಅಂದರೆ ಕರೆಂಟ್ ತಿರುಗಿ ಬರುವ ದಾರಿ. ಒಂದು ಮುಳ್ಳನ್ನು ಡಬ್ಬಿಗೂ ಇನ್ನೊಂದನ್ನು ಗಾಡಿಯ ಕಬ್ಬಿಣಕ್ಕೆ ಸೇರಿದ ಬ್ಯಾಟರಿಯ ಮೈನಸ್ಸಿಗೂ ಹಿಡಿದಳು.

ಮೀಟರ್ ಸುಮ್ಮನಿತ್ತು.

ನಟ್ ಬಿಚ್ಚಿ ಡಬ್ಬಿ ತೆಗೆದಳು. ಹಿಂದೆ, ಅದು ಕೂತಿದ್ದ ಕಬ್ಬಿಣದ ಮೇಲೆ, ದಪ್ಪಗೆ ಹಸಿರು ಬಣ್ಣ. ಆಯುಧ ಪೂಜೆಗೆ ಮೊದಲು ಈ ಟ್ರ್ಯಾಕ್ಟರ್ ಬಣ್ಣಕ್ಕೆ ಬಂದಾಗ, ಅಬ್ಬಾನನ್ನು ಕಾಡಿ ಬೇಡಿ ಬ್ರಷ್ ತೆಗೆದುಕೊಂಡು, ಒಂದು ಸಂದಿಯನ್ನೂ ಬಿಡದೆ ಬಣ್ಣ ಬಳಿದವಳು ಅವಳೇ. ಬಣ್ಣದ ಮೇಲೆ ಕೂತ ಡಬ್ಬಿಗೆ ಅರ್ಥಿಂಗ್ ಎಲ್ಲಿಂದ ಸಿಗಬೇಕು?

ಸುತ್ತ ನೋಡಿದಳು. ಯಾರೂ ಇರಲಿಲ್ಲ. ಪಾಲಿಶ್ ಪೇಪರ್ ತಂದು ಕಬ್ಬಿಣ ಹೊಳೆಯುವ ತನಕ ಉಜ್ಜಿದಳು. ನಟ್ ಬಿಗಿದು ಅಬ್ಬಾನನ್ನು ಕೂಗಿದಳು.

ಅಬ್ಬಾ ಗ್ಯಾರೇಜಿನ ಬ್ಯಾಟರಿಯಿಂದ ವೈರ್ ಕೊಟ್ಟು, ಸೆಲ್ಫ್ ಹೊಡೆದು ಇಂಜಿನ್ ಚಾಲೂ ಮಾಡಿ, ವೈರ್ ತೆಗೆದರು. ಬ್ಯಾಟರಿಗೆ ಹಿಡಿದ ಮೀಟರ್ ಹನ್ನೆರಡು ವೋಲ್ಟಿನಿಂದ ಹತ್ತಿ ಹದಿನಾಲ್ಕಕ್ಕೆ ನಿಂತಿತು. ಚಾರ್ಜ್ ಆಗುತ್ತಿತ್ತು.

"ಏನು ಮಾಡಿದಿ?"

"ನಟ್... ಲೂಸ್ ಇತ್ತು," ಎಂದಳು ಅಸ್ಮಾ.

ಅಷ್ಟರಲ್ಲಿ ತಿಪ್ಪೇರುದ್ರಮ್ಮ ಬಂದರು. ಸಂಗತಿ ಕೇಳಿ ಅವಳ ಗಲ್ಲ ಹಿಡಿದರು. "ನಿಮ್ಮ ಮಗಳು ಬಲು ಶಾಣ್ಯಾಕಿ, ಸಾಬ್ರ."

ಅಸ್ಮಾಳಿಗೆ ತಲೆ ಎತ್ತಲಾಗಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ನಟ್ ಲೂಸ್ ಇರಲಿಲ್ಲ. ನಾನು ಕಟೌಟಿನ ಹಿಂದನೂ ಬಣ್ಣ ಹಚ್ಚಿದ್ದೆ. ಅದ್ಕ ಚಾರ್ಜ್ ಆಗ್ತಿರಲಿಲ್ಲ," ಎಂದುಬಿಟ್ಟಳು. ಇನ್ನು ಈ ಅಮ್ಮ ನಮ್ಮ ಅಂಗಡಿಯತ್ತ ತಿರುಗಿಯೂ ನೋಡುವುದಿಲ್ಲ ಎಂದುಕೊಂಡಳು.

ಅಬ್ಬಾ ಮೀಟರ್ ಕೆಳಗಿಟ್ಟರು. ಆಮೇಲೆ ತಿಪ್ಪೇರುದ್ರಮ್ಮನ ಕಡೆ ತಿರುಗಿದರು.

"ಬಣ್ಣ ಹಚ್ಚಿದಾಕಿ ಇಕಿ, ಅಕ್ಕಾರ. ಅದನ್ನ ಕೆರದು ತಗೀಲಾರದ ಕಟೌಟ್ ಕೂಡಿಸಿದಾವ ನಾನು. ಆಮ್ಯಾಲೆ ಚೆಕ್ ಮಾಡಿದಾಗನೂ ಅದನ್ನ ಬಿಚ್ಚಿ ನೋಡ್ಲಿಲ್ಲ. ತಪ್ಪು ನಂದು."

ಅಬ್ಬಾ ಹೀಗೆ ಹೇಳಿದ್ದನ್ನು ಅಸ್ಮಾ ಎಂದೂ ಕೇಳಿರಲಿಲ್ಲ. ಅವರ ಕಿವಿ ಕೆಂಪಾಗಿತ್ತು.

ತಿಪ್ಪೇರುದ್ರಮ್ಮ ಇಬ್ಬರ ಮುಖವನ್ನೂ ನೋಡಿದರು. ಸಂತೆಯ ಚೀಲ ಇಟ್ಟು, ಸೀಟಿಗೆ ಹತ್ತಿ, ಗೇರ್ ಹಾಕಿದರು.

"ತ್ವಾಟದ ಪಂಪ್‌ಸೆಟ್ಟೂ ಯಾಕೋ ಕಿರಿಕಿರಿ ಮಾಡಾಕತ್ತೈತಿ. ನಾಳೆ ತರ್ತೀನಿ. ನೀವಿಬ್ರೂ ನೋಡ್ರಿ," ಎಂದು ಹೊರಟೇಬಿಟ್ಟರು.

ಅಸ್ಮಾ ಅಬ್ಬಾನ ಪಕ್ಕಕ್ಕೆ ಬಂದು ನಿಂತಳು. ಇಬ್ಬರೂ ಟ್ರ್ಯಾಕ್ಟರ್ ಮಾಗಳದ ರಸ್ತೆಗೆ ತಿರುಗುವವರೆಗೂ ನೋಡುತ್ತ ನಿಂತರು.