ಹೊಸ ಅಕ್ಕನ ಕೈ

"ಮೆಲ್ಲಗೆ ಪವಿತ್ರ, ಅದುಮಬೇಡ ಕಣೇ!"

ದಿಲ್ಷಾದ್ ಅಕ್ಕ ಹೇಳುವಷ್ಟರಲ್ಲಿ ಪವಿತ್ರಳ ಎಡಗೈಯಲ್ಲಿದ್ದ ರೇಷ್ಮೆ ಗೂಡು ಅಪ್ಪಚ್ಚಿಯಾಗಿತ್ತು.

ಪವಿತ್ರಳ ಎಡಗೈ ಹುಟ್ಟಿದಾಗಿನಿಂದ ಮುಷ್ಟಿ ಕಟ್ಟಿಕೊಂಡೇ ಇರುತ್ತದೆ. ಆ ಬೆರಳುಗಳಿಗೆ ಗುಂಡಿ ಹಾಕೋದು, ಚಮಚ ಹಿಡಿಯೋದು ಕಲಿಸುವವರು ಥೆರಪಿಸ್ಟ್ ದಿಲ್ಷಾದ್ ಅಕ್ಕ. ಅದಕ್ಕೇ ಪ್ರತಿ ಸೋಮವಾರ ಹುತ್ತೂರಿನಿಂದ ಅಜ್ಜಿಯ ಜೊತೆ ಬಸ್ಸು ಹತ್ತಿ ಕೋಲಾರದ ಈ ಥೆರಪಿ ಕೇಂದ್ರಕ್ಕೆ ಬರುತ್ತಾಳೆ.

ಇವತ್ತು ಪವಿತ್ರಳ ಮನಸ್ಸು ಗೂಡಿನ ಮೇಲಿರಲಿಲ್ಲ. ಮ್ಯಾನೇಜರ್ ವೇಣುಗೋಪಾಲ್ ಪರದೆಯಾಚೆ ದಿಲ್ಷಾದ್ ಅಕ್ಕನಿಗೆ ಹೇಳಿದ್ದು ಕೇಳಿಸಿತ್ತು.

"ಹದಿನೆಂಟು ಸಾವಿರಕ್ಕೆ ಸೇರಿದ್ರಿ. ಈಗ ಐದು ವರ್ಷ ಎಕ್ಸ್‌ಪೀರಿಯೆನ್ಸು, ಮೂವತ್ತಾರು ಕೊಡ್ಬೇಕು. ಅದ್ರಲ್ಲಿ ಹೊಸಬ್ರು ಇಬ್ರು ಬರ್ತಾರಮ್ಮ!"

"ಅಕ್ಕಾ, ಹೋಗ್ಬಿಡ್ತೀರಾ?"

ದಿಲ್ಷಾದ್ ಅಕ್ಕ ಮೇಜು ಒರೆಸಿದರು. "ಮಾಲೂರಲ್ಲಿ ಒಂದು ಆಸ್ಪತ್ರೆಗೆ ಕರೀತಿದಾರೆ. ಅಷ್ಟು ಸಂಬಳಾನೂ ಕೊಡ್ತಾರಂತೆ."

"ಕೆಲ್ಸ ಚೆನ್ನಾಗಿ ಬಂದ್ಮೇಲೆ ಕಳಿಸ್ತಾರಾ? ಇದ್ಯಾವ ನ್ಯಾಯ?"

"ಅರೆ, ಮೊದ್ಲು ನಂಗೇನ್ ಬರ್ತಿತ್ತು? ಪ್ಲಾಸ್ಟಿಕ್ ಮಣಿ ಪೋಣಿಸು ಅಂತ ನಿನ್ನ ಅಳಿಸ್ತಿದ್ದೆ. ಬಾಕ್ಸ್ ಎಸೆದಿದ್ದೆ ನೀನು!"

ಬಾಗಿಲ ಬಳಿ ಕೂತಿದ್ದ ಅಜ್ಜಿ ಚಿಕ್ಕಗಂಗಮ್ಮ ನಕ್ಕಳು. "ನಾನೇ ಅಲ್ವಾ ಹೇಳಿದ್ದು, ನಮ್ ಬಂಗಾರು ಮನೇಲಿ ರೇಷ್ಮೆಹುಳದ ಚಂದ್ರಿಕೆ ತಟ್ಟೇಲಿ ಗೂಡು ಬಿಡಿಸ್ತಾಳೆ, ಅದ್ನೇ ಕೊಡಮ್ಮಾ ಅಂತ."

"ಆಮೇಲೆ ಎಲ್ಲ ಮಕ್ಳಿಗೂ ಗೂಡೇ ಕೊಟ್ಟೆ," ಅಂದರು ದಿಲ್ಷಾದ್ ಅಕ್ಕ.

ಪವಿತ್ರ ಉಳಿದ ಗೂಡುಗಳನ್ನು ಅಜ್ಜಿಯ ಚೀಲಕ್ಕೆ ತುಂಬಿದಳು. ವಾಪಸ್ ಬಸ್ಸಿನಲ್ಲಿ ಒಂದೇ ಯೋಚನೆ: ಹೊಸಬರ ಮುಂದೆ ಮುಷ್ಟಿ ಬಿಚ್ಚೋದೇ ಇಲ್ಲ.

ಮುಂದಿನ ತಿಂಗಳು ದಿಲ್ಷಾದ್ ಅಕ್ಕನ ಕುರ್ಚಿಯಲ್ಲಿ ಆದಿಲಕ್ಷ್ಮಿ ಎಂಬ ಹೊಸ ಅಕ್ಕ ಕೂತಿದ್ದರು. ವೇಣುಗೋಪಾಲ್ ಬಾಗಿಲಲ್ಲೇ ಕೈಕಟ್ಟಿ ನಿಂತು ನೋಡುತ್ತಿದ್ದರು.

"ಪುಟ್ಟಾ, ಈ ಮಣಿ..." ಹೊಸ ಅಕ್ಕ ಬಾಗಿಲ ಕಡೆ ನೋಡುತ್ತಲೇ ಮುಚ್ಚಳ ತೆಗೆದರು. ಕೈಯಿಂದ ಬಾಕ್ಸ್ ಜಾರಿ ಮಣಿಗಳೆಲ್ಲ ನೆಲದ ತುಂಬ ಉರುಳಿದವು. ಅವರ ಮುಖ ಕೆಂಪಾಯಿತು.

ಪವಿತ್ರ ಮುಷ್ಟಿ ಬಿಗಿಹಿಡಿದೇ ಆ ಕೈಗಳನ್ನು ನೋಡಿದಳು. 'ಮೊದ್ಲು ನಂಗೇನ್ ಬರ್ತಿತ್ತು?' ಎಂಬ ದಿಲ್ಷಾದ್ ಅಕ್ಕನ ಮಾತು ನೆನಪಾಗಿ ಬಾಗಿಲ ಕಡೆ ತಿರುಗಿದಳು.

"ಸಾರ್, ಐದು ವರ್ಷ ಆದ್ಮೇಲೆ ಈ ಅಕ್ಕನ್ನೂ ಕಳಿಸ್ತೀರಾ?"

ವೇಣುಗೋಪಾಲ್ ಫೋನ್ ಕಿವಿಗಿಟ್ಟುಕೊಂಡು ಹೊರಟೇಹೋದರು. ಅದು ರಿಂಗ್ ಆಗಿರಲೇ ಇಲ್ಲ.

ಪವಿತ್ರ ಅಜ್ಜಿಯ ಚೀಲಕ್ಕೆ ಎಡಗೈ ಹಾಕಿದಳು. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಬಿಳೀ ಗೂಡೊಂದನ್ನು ತೆಗೆದು ಹೊಸ ಅಕ್ಕನ ಅಂಗೈಯಲ್ಲಿಟ್ಟಳು.

"ಮಣಿ ಆಮೇಲೆ ಆರಿಸೋಣ ಅಕ್ಕಾ. ಮೊದ್ಲು ಇದು. ಎರಡೇ ಬೆರಳಲ್ಲಿ ಹಿಡೀಬೇಕು... ಮೆಲ್ಲಗೆ, ಅದುಮಬೇಡಿ."