ಭಾನುವಾರ ಮಾಡಬಹುದಿತ್ತು

"ಹತ್ತೇ ನಿಮಿಷ ಕಂಪ್ಯೂಟರ್ ಬಿಟ್ಕೊಡಿ ಮೇಡಂ, ಅಪ್‌ಡೇಟ್ ಹಾಕ್ಬಿಡ್ತೀನಿ" ಎಂದು ಶಶಿಧರ ಲ್ಯಾಬಿನ ಕಿಟಕಿಗೆ ಮುಖ ತಂದ ಮೊದಲ ದಿನವೇ ಇಂದ್ರಾಣಿ ಅವನನ್ನು ಅಟ್ಟಿದ್ದಳು.

"ಹತ್ತು ನಿಮಿಷ ಅಂತ ಬಂದೋರು ಮಧ್ಯಾಹ್ನದವರ್ಗೂ ಕೂತ್ಕೊತೀರ. ರಕ್ತ ಕೊಡೋಕೆ ಎಷ್ಟ್ ಜನ ನಿಂತವ್ರೆ ನೋಡಿ. ನಾಳೆ ಬನ್ನಿ."

"ನಾಳೆ ಜನ ಇರಲ್ವಾ?"

"ಬಂದ್ರೆ ಗೊತ್ತಾಗ್ತದೆ."

ಬಂದ. ಅದರ ಮಾರನೆಯ ದಿನವೂ ಬಂದ. ಕೆ.ಜಿ.ಎಫ್.ನ ಊರಿಗಾಂನಲ್ಲಿದ್ದ ಆ ಖಾಸಗಿ ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವನು ಅವನೊಬ್ಬನೇ. ಅಪ್ಪ ಫ್ಯಾಕ್ಟರಿ ಕೆಲಸಕ್ಕೆಂದು ಚಿತ್ರದುರ್ಗದ ಕಡೆಯಿಂದ ಬಂದವರು, ಮಗ ಹುಟ್ಟಿದ್ದು ಇಲ್ಲಿಯ ಕ್ವಾರ್ಟರ್ಸಿನಲ್ಲೇ. ಇಂದ್ರಾಣಿ ಬಂಗಾರಪೇಟೆಯ ಆಚೆಯ ಹಳ್ಳಿಯಿಂದ ದಿನವೂ ರೈಲಿನಲ್ಲಿ ಬರುವ ಲ್ಯಾಬ್ ಟೆಕ್ನಿಷಿಯನ್. ಅವಳ ಬಾಯಿ ಜೋರು ಎಂದು ಇಡೀ ಆಸ್ಪತ್ರೆಗೆ ಗೊತ್ತಿತ್ತು. ಆ ಬಾಯಿಗೆ ಹೆದರದೆ ಕಿಟಕಿಯಲ್ಲಿ ನಗುತ್ತಾ ನಿಲ್ಲುವವನು ಇವನೊಬ್ಬನೇ ಎಂದು ಅವಳಿಗೆ ಮಾತ್ರ ಗೊತ್ತಿತ್ತು.

ಅವನು ನಿಂತಾಗ ಅವಳು ತಲೆ ಎತ್ತುತ್ತಿರಲಿಲ್ಲ. ಟ್ಯೂಬಿಗೆ ಹೆಸರು ಅಂಟಿಸುತ್ತಾ, ಮೇಜಿನ ಗಾಜಿನಲ್ಲಿ ಕಾಣುವ ಅವನ ನೆರಳನ್ನೇ ನೋಡಿಕೊಳ್ಳುತ್ತಿದ್ದಳು. ಅವನು ಅದನ್ನು ಕಂಡುಹಿಡಿದ ದಿನ ಗಾಜಿಗೇ ನಮಸ್ಕಾರ ಹೇಳಿ ಹೋದ. ಅವಳ ಕಿವಿ ಕೆಂಪಾಗಿ, ಒಂದು ಟ್ಯೂಬಿಗೆ ಎರಡೆರಡು ಚೀಟಿ ಅಂಟಿಸಿಬಿಟ್ಟಳು.

ಇವರಿಬ್ಬರ ಆಟ ನೋಡಲು ಬೆಂಚಿನ ಮೇಲೆ ಒಬ್ಬರು ಕಾಯಂ ಇದ್ದರು. ದ್ಯಾವಮ್ಮ. ಎರಡೂ ಕಿಡ್ನಿ ಕೈಕೊಟ್ಟು ಡಯಾಲಿಸಿಸ್‌ಗೆಂದು ಬರುವ ಹಣ್ಣು ಮುದುಕಿ.

"ಏನ್ಲಾ ಮಗ, ಇವತ್ತೂ ನಾಳೆ ಬಾ ಅಂದ್ಳಾ?"

"ಅಂದ್ರು ಅಜ್ಜಿ."

"ನಮ್ ಕಾಲ್ದಾಗೆ ಬಾಗ್ಲ ಮ್ಯಾಲೆ 'ನಾಳೆ ಬಾ' ಅಂತ ಬರೀತಿದ್ರು ಕಣಮ್ಮಿ, ದೆವ್ವ ಓದ್ಕಂಡು ವಾಪಸ್ ಓಗ್ಲಿ ಅಂತ. ನೀನು ಇಂಥಾ ಒಳ್ಳೇ ಗಂಡ್ ಐದನ್ನ ವಾಪಸ್ ಕಳಿಸ್ತೀಯಲ್ಲ."

"ದೆವ್ವಾನಾದ್ರೂ ಒಂದ್ಸಲಕ್ಕೆ ಓಗ್ತದೆ ಕಣವ್ವ. ಇವ್ರು ದಿನಾ ಬತ್ತಾರೆ" ಎಂದಳು ಇಂದ್ರಾಣಿ. ದ್ಯಾವಮ್ಮ ಬೊಚ್ಚು ಬಾಯಿ ತೆರೆದು ನಕ್ಕರು. ಶಶಿಧರನೂ ನಕ್ಕ. ನಗುತ್ತಲೇ, "ಸಾಫ್ಟ್‌ವೇರ್‌ನಲ್ಲಿ ತೂತು ಸಿಕ್ಕಿದೆಯಂತೆ ಮೇಡಂ, ಬೇಗ ಮುಚ್ಚಿ ಅಂತ ಕಂಪನಿಯವರು ಮೇಲ್ ಮೇಲೆ ಮೇಲ್ ಹಾಕ್ತಿದಾರೆ. ಎಲ್ಲಾ ಕಡೆ ಮುಚ್ಚಿದೀನಿ, ನಿಮ್ದೊಂದೇ ಬಾಕಿ" ಎಂದ.

"ನಾಳೆ ಮುಚ್ಚೋರಂತೆ."

ಅವನು ತಲೆಯಾಡಿಸಿ ಹೋದ. ಎಷ್ಟು ಖುಷಿಯಾಗಿ ಹೋದನೆಂದರೆ, ಬೈಸಿಕೊಂಡವನಂತೆ ಕಾಣಲೇ ಇಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಇಂದ್ರಾಣಿ ಕಂಪ್ಯೂಟರ್ ಹಾಕಿದರೆ ಪರದೆಯೆಲ್ಲ ಕಪ್ಪು. ನಡುವೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು: ನಿಮ್ಮ ಕಡತಗಳೆಲ್ಲ ಬೀಗದಲ್ಲಿವೆ, ಕೀಲಿ ಬೇಕಾದರೆ ದುಡ್ಡು ಕೊಡಿ. ಅವಳು ಕಿಟಕಿಯಿಂದ ಬಗ್ಗಿ ನೋಡಿದಳು. ರಿಸೆಪ್ಷನ್ನಿನಲ್ಲೂ ಅದೇ, ಔಷಧಿ ಕೌಂಟರಿನಲ್ಲೂ ಅದೇ, ಡಯಾಲಿಸಿಸ್ ವಾರ್ಡಿನಲ್ಲೂ ಅದೇ. ಕಳ್ಳ ಒಂದು ಕಿಂಡಿಯಿಂದ ನುಗ್ಗಿ ಮನೆಯ ಕೋಣೆಕೋಣೆಗೂ ಬೀಗ ಜಡಿದುಕೊಂಡು ಕೂತಿದ್ದ. ಶಶಿಧರ ಒಂದೊಂದೇ ತಂತಿ ಕೀಳುತ್ತಾ ಓಡಾಡುತ್ತಿದ್ದ. ಲ್ಯಾಬಿನ ಮುಂದೆ ಮೂರು ಸಲ ಹಾದರೂ ಕಿಟಕಿಯ ಕಡೆ ತಿರುಗಲಿಲ್ಲ.

ದ್ಯಾವಮ್ಮನನ್ನು ಮಗ ಚಿಕ್ಕಮುನಿಯಪ್ಪ ಎತ್ತಿಕೊಂಡೇ ಬಂದ. ಏದುಸಿರು, ಕಾಲಲ್ಲಿ ತ್ರಾಣವಿಲ್ಲ. ಏರಿದರೆ ಹೃದಯವನ್ನೇ ನಿಲ್ಲಿಸುವ ಪೊಟ್ಯಾಶಿಯಂ ರಕ್ತದಲ್ಲಿ ಎಷ್ಟಿದೆ ಎಂದು ತಿಳಿಯದೆ ಡಯಾಲಿಸಿಸ್‌ಗೆ ಕೈಹಾಕಲು ಡ್ಯೂಟಿಯಲ್ಲಿದ್ದ ಹೊಸ ಡಾಕ್ಟರು ಹೆದರಿದರು. ಹಳೆಯ ರಿಪೋರ್ಟುಗಳೆಲ್ಲ ಬೀಗದೊಳಗೆ. ಪರೀಕ್ಷೆ ಮಾಡುವ ಯಂತ್ರ ಕಂಪ್ಯೂಟರಿಲ್ಲದೆ ಏಳುವುದಿಲ್ಲ. ಇಂದ್ರಾಣಿ ರಕ್ತ ತೆಗೆದಳು. ಮುದುಕಿಯನ್ನೇ ಅಷ್ಟು ದೂರ ಸಾಗಿಸಲು ಡಾಕ್ಟರು ಒಪ್ಪಲಿಲ್ಲ. ತಾನೇ ನೋಡಬೇಕಾದ ರಕ್ತವನ್ನು ಡಬ್ಬಿಯಲ್ಲಿ ಭದ್ರವಾಗಿಟ್ಟು, ಆಂಬುಲೆನ್ಸ್ ಡ್ರೈವರ್ ಪೆರುಮಾಳ್ ಕೈಯಲ್ಲಿ ಕೋಲಾರದ ಲ್ಯಾಬಿಗೆ ಕಳಿಸಿದಳು.

"ನಿನ್ ಐದ ಎಲ್ಲಮ್ಮಿ, ಕಾಣಾಕಿಲ್ಲ?" ಎಂದು ದ್ಯಾವಮ್ಮ ಸ್ಟ್ರೆಚರಿನ ಮೇಲಿಂದ ಕೇಳಿದರು.

"ಬತ್ತಾರೆ ಕಣವ್ವ. ನೀನು ಮಾತಾಡ್ಬೇಡ, ಸುಮ್ನೆ ಮಲಗು."

ಕೋಲಾರದಿಂದ ಫೋನ್ ಬಂದಾಗ ಇಂದ್ರಾಣಿ ಅಂಕಿಯನ್ನು ಅಂಗೈ ಮೇಲೆ ಬರೆದುಕೊಂಡು ಓಡಿದಳು. ನರ್ಸು ಆಗಲೇ ಮುಖದ ಮೇಲೆ ಬಟ್ಟೆ ಎಳೆಯುತ್ತಿದ್ದಳು. ಚಿಕ್ಕಮುನಿಯಪ್ಪ ಅವ್ವನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದ.

ಮಾರನೆಯ ದಿನ ಮ್ಯಾನೇಜರ್ ಬಾಲಾಜಿ ಎಲ್ಲರನ್ನೂ ಕೂರಿಸಿದರು. "ಯಾವ ದೇಶದ ಕಳ್ಳನೋ ಏನೋ. ದೊಡ್ಡ ದೊಡ್ಡ ಆಸ್ಪತ್ರೆಗಳಿಗೇ ಹೀಗಾಗಿದೆ, ನಮ್ದೇನು ಮಹಾ. ಸೈಬರ್ ಪೊಲೀಸರು ಬರ್ತಾರೆ. ಅಪ್‌ಡೇಟು ಗಿಪ್‌ಡೇಟು ಅನ್ನೋ ಮಾತು ಯಾರ ಬಾಯಲ್ಲೂ ಬರಬಾರದು. ಆ ಅಜ್ಜಿಗೆ ವಯಸ್ಸಾಗಿತ್ತು. ಅಷ್ಟೆ."

ಸಂಜೆ ಊರಿಗಾಂ ಸ್ಟೇಷನ್ನಿನಲ್ಲಿ ಶಶಿಧರ ಅವಳಿಗಾಗಿ ಕಾದಿದ್ದ. ಹಳೆಯ ಚಿನ್ನದ ಗಣಿಯ ಸೈನೈಡ್ ದಿಬ್ಬದ ಕಡೆಯಿಂದ ಬೂದು ಧೂಳು ಬೀಸುತ್ತಿತ್ತು. ಅವನ ಗಡ್ಡ ಬೆಳೆದು, ಮುಖ ಒಂದೇ ದಿನಕ್ಕೆ ಇಳಿದುಹೋಗಿತ್ತು.

"ಆ ಕಳ್ಳ ಒಳಗೆ ಬಂದಿದ್ದು ನಿಮ್ಮ ಕಂಪ್ಯೂಟರಿನಿಂದ."

"ನಾನು ನಾಳೆ ಬನ್ನಿ ಅಂದಿದ್ದಕ್ಕಾ?"

"ಅಲ್ಲ." ಅವನು ಹಳಿಯ ಕಡೆ ನೋಡುತ್ತಾ ಹೇಳಿದ. "ಭಾನುವಾರ ಮಾಡಬಹುದಿತ್ತು. ಭಾನುವಾರ ಲ್ಯಾಬ್ ಖಾಲಿ, ಬೀಗದ ಕೈ ನನ್ನ ಹತ್ರಾನೇ ಇರುತ್ತೆ. ಮಿಕ್ಕಿದ್ದೆಲ್ಲ ಭಾನುವಾರಾನೇ ಮಾಡಿದ್ದು. ಭಾನುವಾರ ನೀವು ಇರಲ್ಲ ಅಂತ ನಿಮ್ದೊಂದನ್ನ ಉಳಿಸ್ಕೊಂಡೆ. ಅದು ಮುಗಿದ್ರೆ ಕಿಟಕಿಗೆ ಬರೋಕೆ ನನಗೇನು ನೆಪ ಇತ್ತು?"

ಎಷ್ಟೋ ದಿನದಿಂದ ಅವನ ಬಾಯಲ್ಲಿ ಕೇಳಬೇಕೆಂದು ಆಸೆಪಟ್ಟಿದ್ದ ಮಾತು ಅದೇ. ರೈಲಿನಲ್ಲಿ ಕೂತು ಅದಕ್ಕೆ ಏನೇನು ಉತ್ತರ ಕೊಡಬೇಕು, ಎಷ್ಟು ಸತಾಯಿಸಬೇಕು ಎಂದೆಲ್ಲ ಲೆಕ್ಕ ಹಾಕಿಕೊಂಡಿದ್ದಳು. ಈಗ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅವನ ತಲೆಯನ್ನು ಮಡಿಲಲ್ಲಿ ಇಟ್ಟುಕೊಳ್ಳಬೇಕು ಎಂದೂ ಅನ್ನಿಸಿತು. ಎರಡನ್ನೂ ಮಾಡದೆ ಬಂದ ರೈಲು ಹತ್ತಿ ಹೋದಳು.

ದ್ಯಾವಮ್ಮನ ತಿಥಿ ಮುಗಿದ ಮೇಲೆ ಅವಳೇ ಅವನಿಗೆ ಫೋನ್ ಮಾಡಿದಳು. "ಅವ್ರ ಮಗನಿಗೆ ಎಲ್ಲಾನೂ ಏಳ್ಬೇಕು. ಏಳ್ದೆ ಇದ್ರೆ ನಂಗೆ ಊಟ ಸೇರಾಕಿಲ್ಲ."

"ನಾನೂ ಅದೇ ಅಂದ್ಕೊಂಡಿದ್ದೆ" ಎಂದ ಅವನು.

ದ್ಯಾವಮ್ಮನ ಹಳ್ಳಿ ಬಂಗಾರಪೇಟೆಗೆ ಹತ್ತಿರ. ಚಿಕ್ಕಮುನಿಯಪ್ಪ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ. ಪಕ್ಕದಲ್ಲಿ ಎಳೆಗರು. ಶಶಿಧರ ನಿಂತುಕೊಂಡೇ ಎಲ್ಲವನ್ನೂ ಹೇಳಿದ, ತೂತು, ಮೇಲ್, ಕಿಟಕಿ, ಭಾನುವಾರ. ತನ್ನ ತಪ್ಪನ್ನು ಚೂರೂ ಮರೆಮಾಚಲಿಲ್ಲ. ಇಂದ್ರಾಣಿ ತಲೆ ತಗ್ಗಿಸಿ ನಿಂತಿದ್ದಳು. ಬಯ್ಯಲಿ, ಹೊಡೆಯಲಿ, ಏನಾದರೂ ಮಾಡಲಿ ಎಂದು ಕಾದಳು.

ಚಿಕ್ಕಮುನಿಯಪ್ಪ ಕೆಚ್ಚಲಿನಿಂದ ಕೈ ತೆಗೆದ.

"ಸೋಮವಾರ ಅವ್ವನ ಪಾಳಿ, ರಕ್ತ ತೊಳ್ಸೋದು. ಅವತ್ತು ಈ ಅಸ ಕರ ಆಕೋದ್ರಾಗಿತ್ತು. ನಾಳೆ ಓಗಾಣ ಬಿಡವ್ವ, ಅಂದೆ. ಆಗ್ಲಿ ಬಿಡ್ಲಾ, ಒಂದಿನಕ್ಕೆ ಸಾಯಾಕಿಲ್ಲ, ಅಂದ್ಳು." ಅವನು ಕರುವನ್ನು ನೋಡಿದ. "ನೀವು ಬಂದು ಏಳ್ಬಿಟ್ಟು ಅಗುರ ಆದ್ರಿ. ನಾನು ಯಾರಿಗೋಗಿ ಏಳ್ಲಿ?"

ಅವನು ಕುಳಿತಲ್ಲೇ ಮತ್ತೆ ಹಾಲು ಕರೆಯತೊಡಗಿದ. ಕ್ಷಮಿಸಿದೆ ಅನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಇಬ್ಬರೂ ತಾವೇ ಹೊರಟರು.

ಬಂಗಾರಪೇಟೆ ಸ್ಟೇಷನ್ನಿಗೆ ಬಂದರು. ಅಲ್ಲಿಂದ ಅವನ ದಾರಿ ಊರಿಗಾಂಗೆ, ಅವಳ ದಾರಿ ತನ್ನ ಹಳ್ಳಿಗೆ.

"ಸಾಯಂಕಾಲದವರ್ಗೂ ಸೈಬರ್ ಪೊಲೀಸರು ಆಸ್ಪತ್ರೇಲಿ ಇರ್ತಾರೆ. ಹೋಗಿ ಹೇಳ್ಬಿಡ್ತೀನಿ" ಎಂದ ಶಶಿಧರ. "ಬಾಲಾಜಿ ಸರ್ ಇವತ್ತೇ ಮನೆಗೆ ಕಳಿಸ್ತಾರೆ. ಕಳಿಸ್ಲಿ. ನಿಮ್ಮ ಹೆಸರು ಬರಲ್ಲ."

"ಯಾರ ಕಿಟಕಿಗೆ ಓಗ್ತಿದ್ದೆ ಅಂತ ಕೇಳ್ತಾರೆ. ಏನಂತೀರ?"

ಅವನು ಮೊದಲ ಬಾರಿಗೆ ಮೇಡಂ ಬಿಟ್ಟು ಹೆಸರು ಹಿಡಿದು ಕರೆದ. "ಇಂದ್ರಾಣಿ, ನಿಮ್ಮ ಕೆಲಸಾನೂ ಹೋಗುತ್ತೆ. ಊರಲ್ಲಿ ನಾಲ್ಕು ಜನ ನಾಲ್ಕು ಥರ ಆಡ್ತಾರೆ. ನಿಮ್ಮಪ್ಪನ್ನ ಕೇಳೋಕೆ ಮನೆಗೆ ಬರ್ಬೇಕು ಅಂತ ಎಷ್ಟು ದಿನದಿಂದ ಇದ್ದೆ. ಇನ್ನು ಯಾವ ಮುಖ ಇಟ್ಕೊಂಡು ಬರ್ಲಿ?"

ಕೆ.ಜಿ.ಎಫ್. ಕಡೆಯ ರೈಲು ಬಂದು ನಿಂತಿತು.

"ನೀವು ಮನೆಗೆ ಹೋಗಿ. ಏನಾಯ್ತು ಅಂತ ನಾಳೆ ಬಂದು..." ಎಂದವನು ಅಲ್ಲಿಗೇ ನಿಲ್ಲಿಸಿದ. ತನ್ನ ಬಾಯಿಂದ ಬಂದ ಮಾತು ಅವನಿಗೇ ಕೇಳಿಸಿತ್ತು.

ಇಂದ್ರಾಣಿ ಅವನನ್ನು ದಾಟಿ ಹೋಗಿ ಬೋಗಿ ಹತ್ತಿದಳು. ಬಾಗಿಲಲ್ಲಿ ನಿಂತು ತಿರುಗಿದಳು. "ಅತ್ತು, ಮ್ಯಾಲೆ ಬಾ. ರೈಲು ನಿನಗೋಸ್ಕರ ನಿಂತಿರ್ತದಾ?"

'ನೀವು' ಹೋಗಿ 'ನೀನು' ಆಗಿತ್ತು. ಅವನು ಹತ್ತಿದ.

"ಮೊದ್ಲು ಪೊಲೀಸ್ರಿಗೆ ಏಳಾಣ, ಇಬ್ರೂವೆ. ಅಲ್ಲಿಂದ ನಮ್ಮಪ್ಪನತ್ರ ಓಗಾಣ. ಇವತ್ತೇ. ಇದೇ ಮುಖ ಇಟ್ಕಂಡು ಬಾ."

"ಏನನ್ನಬಹುದು ಅವರು?"

"ಬೈತಾರೆ. ಇಲ್ಲ ಅಂದ್ರೂ ಅಂದಾರು." ಅವಳು ಕಿಟಕಿಯ ಪಕ್ಕ ಕೂತಳು. "ಅನ್ಲಿ. ಅಜ್ಜಿ ಕೇಳಿದ್ಳು, ನಿನ್ ಐದ ಎಲ್ಲಿ ಅಂತ. ಬತ್ತಾರೆ ಅಂದಿದ್ದೆ."

ಕೋರಮಂಡಲ್ ಸ್ಟೇಷನ್ ಬರುವ ಹೊತ್ತಿಗೆ ಶಶಿಧರ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಎದುರು ಸೀಟಿನವರು ನೋಡುತ್ತಿದ್ದರು. ಇಂದ್ರಾಣಿ ಅಷ್ಟು ಜನರೆದುರು ಅವನ ಕೈ ಹಿಡಿದುಕೊಂಡು, ಊರಿಗಾಂ ಬರುವುದನ್ನೇ ಕಾಯುತ್ತಾ ಕೂತಳು.